ಒತ್ತೆ ಬಿದ್ದ ಎಡಗಾಲ ಬೂಟು

ಆ ಬುಧವಾರ ಬೆಳಿಗ್ಗೆ ಬೆಟ್ಟ ಮುಖ ತೋರಿಸಲಿಲ್ಲ. ಜುಲೈ ತಿಂಗಳ ಮಂಜು ಮೋಶಿ ಊರಿನ ಮೇಲೆ ಒದ್ದೆ ಕಂಬಳಿಯಂತೆ ಇಳಿದು ಕೂತಿತ್ತು. ಕಿಲಿಮಂಜಾರೋದ ಬಿಳಿ ನೆತ್ತಿ ಹಾಗಿರಲಿ, ವೃತ್ತದ ನಡುವೆ ನಿಂತ ಗಡಿಯಾರದ ಗೋಪುರವೂ ಸೊಂಟದಿಂದ ಮೇಲಕ್ಕೆ ಮಾಯವಾಗಿತ್ತು. ಮಳೆ ಎನ್ನೋಣವೆಂದರೆ ಹನಿಯಿಲ್ಲ, ಇಲ್ಲ ಎನ್ನೋಣವೆಂದರೆ ಮೈಮೇಲಿನ ಬಟ್ಟೆ ಒದ್ದೆ. ಆ ತೇವದಲ್ಲಿ ನಕುಂದ್ವಾ ಸೆಂಕೋರೋ ತಲೆಯ ಮೇಲೆ ಕಾಂಗಾ ಬಟ್ಟೆ ಎಳೆದುಕೊಂಡು, ತನ್ನ ಕಂದು ಬೂಟಿಗೆ ಕೆಸರು ತಾಗದಂತೆ ಹುಷಾರಾಗಿ ಹೆಜ್ಜೆಯಿಟ್ಟು, ಕಬ್ಬಿಣದ ಸಾಮಾನಿನ ಅಂಗಡಿಯ ಮೇಲಿದ್ದ ಕಚೇರಿಯ ಮೆಟ್ಟಿಲು ಹತ್ತಿದಳು. ಅದು ಸುತ್ತಲಿನ ಕಾಫಿ ಸಂಘಗಳಿಗೆ, ಸಣ್ಣ ಆಸ್ಪತ್ರೆಗಳಿಗೆ, ಇಗರ್ಜಿಗಳಿಗೆ ಕಂಪ್ಯೂಟರ್ ಪ್ರೋಗ್ರಾಮು ಬರೆದುಕೊಡುವ ಚಿಕ್ಕ ಕಂಪನಿ. ಕಿಟಕಿ ತೆರೆದರೆ ಕೆಳಗಿನ ಅಂಗಡಿಯ ತಗಡು ಬಡಿಯುವ ಸದ್ದು, ಮುಚ್ಚಿದರೆ ಕಂಪ್ಯೂಟರುಗಳ ಬಿಸಿ. ಇಷ್ಟೇ ಅದರ ವೈಭವ.

ಒಳಗೆ ಕಾಲಿಟ್ಟ ಕೂಡಲೇ ಏನೋ ಸರಿಯಿಲ್ಲವೆಂದು ಅವಳಿಗೆ ತಿಳಿಯಿತು. ಪಕ್ಕದ ಮೇಜಿನ ಅನ್ಸೆಲ್ಮ್ ಟೆಮು ಎದ್ದು ನಿಂತು, "ಬನ್ನಿ ನಕುಂದ್ವಾ ಅವರೇ, ಕೂತ್ಕೊಳ್ಳಿ" ಅಂದ.

ಅವಳ ಎದೆ ಧಸಕ್ಕೆಂದಿತು.

ಕೇಳಿದವರಿಗೆ ಅದರಲ್ಲಿ ಎದೆ ಒಡೆಯುವಂಥದ್ದು ಏನೂ ಕಾಣದು. ಆದರೆ ಆ ಕಚೇರಿಗೆ ಬಂದ ದಿನದಿಂದ ಅನ್ಸೆಲ್ಮ್ ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ, ಬಹುವಚನದ ಮಾತು ಇನ್ನೆಲ್ಲಿಯದು. ಅವಳು ಸಾಮೇ ಊರಿನ ಕಡೆಯ ಪಾರೆ ಜನದವಳು. ಅವನು ಬೆಟ್ಟದ ಬುಡದ ಚಗ್ಗ ಜನದವನು. ಈ ಎರಡು ಜನಕ್ಕೂ ತಲೆತಲಾಂತರದಿಂದ ಉತಾನಿ ಇದೆ. ಅಂದರೆ ಗೇಲಿಯ ನೆಂಟಸ್ತಿಕೆ. ಗೇಲಿನಂಟರು ಒಬ್ಬರನ್ನೊಬ್ಬರು ಏನು ಬೇಕಾದರೂ ಆಡಿಕೊಳ್ಳಬಹುದು, ಯಾರೂ ಸಿಟ್ಟಾಗುವ ಹಾಗಿಲ್ಲ. ಪಾರೆಯವರು ಕೋಳಿಯೊಂದರ ಜಗಳಕ್ಕೆ ಹಸು ಮಾರಿ ಕೋರ್ಟಿಗೆ ಹೋಗುವವರು, ಮೂರು ಹೊತ್ತೂ ಜೋಳ ಅವರೆ ಬೇಯಿಸಿದ ಮಕಾಂಡೆ ತಿನ್ನುವವರು ಎಂದು ಚಗ್ಗರು ಹೇಳುತ್ತಾರೆ. ಚಗ್ಗರು ನಿದ್ದೆಯಲ್ಲೂ ಅಂಗಡಿ ತೆರೆಯುವವರು, ಚಿಲ್ಲರೆಯ ಸದ್ದು ಕೇಳಿದರೆ ಪ್ರಾರ್ಥನೆಯ ನಡುವೆಯೂ ಕಣ್ಣು ಬಿಡುವವರು ಎಂದು ಪಾರೆಯವರು ತಿರುಗಿ ಹೇಳುತ್ತಾರೆ. ಹಾಗಾಗಿ ಅನ್ಸೆಲ್ಮ್‌ಗೆ ಅವಳು ಮಕಾಂಡೆ. ಅವಳಿಗೆ ಅವನು ಚಿಲ್ಲರೆ. ಬೆಳಿಗ್ಗೆ ಬಂದ ಕೂಡಲೇ, "ಏನೇ ಮಕಾಂಡೆ, ಇವತ್ತು ಯಾರ ಮೇಲೆ ಕೇಸು?" ಎಂದು ಅವನು ಕೇಳದಿದ್ದರೆ ಅವಳಿಗೆ ಬೆಳಗಾದಂತೆಯೇ ಅನಿಸುತ್ತಿರಲಿಲ್ಲ.

ಇದು ಬರೀ ನಗೆಯ ಮಾತೂ ಅಲ್ಲ. ಎರಡು ವರ್ಷದ ಹಿಂದೆ ನಕುಂದ್ವಾಳ ಅಪ್ಪ ತೀರಿಕೊಂಡಾಗ ಅನ್ಸೆಲ್ಮ್ ನಾಲ್ಕು ಜನ ಚಗ್ಗರನ್ನು ಕಟ್ಟಿಕೊಂಡು ಸಾಮೇಗೆ ಹೋಗಿದ್ದ. ಗೋರಿಯ ದಾರಿಗೆ ಅಡ್ಡ ಮಲಗಿ, ಸತ್ತವರ ಹ್ಯಾಟು ತಾನು ಹಾಕಿಕೊಂಡು, ಅವರಂತೆಯೇ ಕೆಮ್ಮಿ, "ಯಾರ ಅಪ್ಪಣೆ ತಗೊಂಡು ನನ್ನನ್ನ ಹೂಳ್ತೀರಿ? ನಾನು ಅಪೀಲು ಹಾಕ್ತೀನಿ" ಎಂದು ಗದರಿದ್ದ. ಎರಡು ದಿನದಿಂದ ಗಂಟಲಿಗೆ ನೀರು ಇಳಿಸದ ಅವಳ ಅಮ್ಮ ಅದನ್ನು ಕಂಡು ಬಿದ್ದು ಬಿದ್ದು ನಕ್ಕು, ಆಮೇಲೆ ಮನಸಾರೆ ಅತ್ತು, ಆಮೇಲೆ ಒಂದು ಬಟ್ಟಲು ಗಂಜಿ ಕುಡಿದಳು. ಗೇಲಿನಂಟನ ಕೆಲಸ ಅದು. ದೇವರು ದುಃಖವನ್ನು ಕೊಡುವಾಗ ಅದನ್ನು ಎತ್ತಿ ಹಿಡಿಯುವ ಕೈಯನ್ನೂ ಪಕ್ಕದಲ್ಲೇ ಇಟ್ಟಿರುತ್ತಾನೆ.

ಅಂಥವನು ಈಗ "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಿದ್ದಾನೆ.

ಹಿರಿಯರಾದ ಕಿಲೇಯೋ ಮೇಷ್ಟ್ರು ಒಳಕೋಣೆಯಿಂದ ಬಂದರು. ಹಿಂದೆ ಗಣಿತ ಕಲಿಸುತ್ತಿದ್ದವರು, ಈಗ ಕಂಪನಿಯ ಯಜಮಾನರು, ಆದರೂ ಎಲ್ಲರಿಗೂ ಮೇಷ್ಟ್ರೇ. ಅವರು ಕುರ್ಚಿ ಎಳೆದುಕೊಂಡು ಮೆಲ್ಲಗೆ ವಿಷಯ ತಿಳಿಸಿದರು.

ವಿಷಯ ಇದು. ಮೇಲಿನೂರಿನ ಕಾಫಿ ಸಂಘಕ್ಕಾಗಿ ಅವರು ಒಂದು ಪ್ರೋಗ್ರಾಮು ಮಾಡಿಕೊಟ್ಟಿದ್ದರು. ಹಣ್ಣು ಬಿಡಿಸಿದ ರೈತರು ಯಾವ ದಿನ ಅದನ್ನು ತೊಳೆಯುವ ಯಂತ್ರದ ಬಳಿ ತರಬೇಕೆಂದು ಅದು ಎಲ್ಲರ ಫೋನಿಗೂ ಸಂದೇಶ ಕಳಿಸುತ್ತದೆ. ಮೊದಲು ಸಂಜೆ ಹೋಗುತ್ತಿದ್ದ ಸಂದೇಶವನ್ನು ಬೆಳಿಗ್ಗೆ ಎರಡು ಗಂಟೆಗೆ ಕಳಿಸಿರೆಂದು ಸಂಘದ ಅಧ್ಯಕ್ಷರು ಫೋನು ಮಾಡಿದ್ದರು. ಆ ಸೀಮೆಯಲ್ಲಿ ದಿನ ಸೂರ್ಯನ ಜೊತೆಗೆ ಹುಟ್ಟುತ್ತದೆ. ಸೂರ್ಯ ಎದ್ದು ಒಂದು ಗಂಟೆ ಕಳೆದರೆ ಆಗ ಗಂಟೆ ಒಂದು, ಇನ್ನೊಂದು ಕಳೆದರೆ ಎರಡು. ಗಡಿಯಾರದ ಮುಳ್ಳು ಎಂಟರ ಮೇಲಿದ್ದರೆ ಜನ ಅದರ ಎದುರಿಗೆ ಕೂತ ಎರಡನ್ನು ಓದುತ್ತಾರೆ. ಕಂಪ್ಯೂಟರಿಗೆ ಸೂರ್ಯನ ಗುರುತಿಲ್ಲ, ಅದರ ದಿನ ನಡುರಾತ್ರಿಗೆ ಹುಟ್ಟುತ್ತದೆ. ಈ ಎರಡು ಲೆಕ್ಕದ ನಡುವೆ ಕಚೇರಿಯವರೆಲ್ಲ ದಿನವಿಡೀ ಓಡಾಡುತ್ತಾರೆ, ಯೋಚಿಸದೆಯೇ, ಮನೆಯ ಹೊಸ್ತಿಲು ದಾಟಿದಂತೆ. ನಕುಂದ್ವಾ ಆ ದಿನ ಅಮ್ಮನ ಹತ್ತಿರ ಊರ ಮಾತಿನಲ್ಲಿ ಫೋನಿನಲ್ಲಿ ಮಾತಾಡಿ, ಅದೇ ಗುಂಗಿನಲ್ಲಿ ಕೂತು, ಬೆಳಿಗ್ಗೆ ಎರಡಕ್ಕೆ ಎಂದಿದ್ದ ಕಡೆ ಎರಡು ಎಂದೇ ಬರೆದಿದ್ದಳು. ಹೊಸ್ತಿಲಲ್ಲಿ ಕಾಲು ಎಡವಿತ್ತು.

ಆ ಕಚೇರಿಯ ಪದ್ಧತಿಯಂತೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪದೆ ಅದು ಹೊರಗೆ ಹೋಗುವುದಿಲ್ಲ. ಇದನ್ನು ನೋಡಿ ಒಪ್ಪಿದವನು ಅನ್ಸೆಲ್ಮ್. ಅವನ ಕಣ್ಣಿಗೂ ಬೆಳಿಗ್ಗೆ ಎರಡು ಎಂದರೆ ಬಿಸಿಲು, ಹಾಲಿನವನು, ಶಾಲೆಯ ಮಕ್ಕಳು.

ಹೀಗೆ ಆ ರಾತ್ರಿ, ಹುಂಜಗಳಿಗೂ ಇನ್ನೂ ಮೊದಲ ನಿದ್ದೆಯಾಗಿರುವಾಗ, ಬೆಟ್ಟದ ಮೈಮೇಲಿನ ಮನೆಮನೆಯಲ್ಲೂ ಫೋನು ಒಟ್ಟಿಗೇ ಸದ್ದು ಮಾಡಿತು. ಆ ಹೊತ್ತಿನಲ್ಲಿ ಫೋನು ಸದ್ದು ಮಾಡಿದರೆ ಯಾರೋ ಹೋದರು ಎಂದೇ ಅರ್ಥ. ತೆಗೆದು ನೋಡಿದರೆ ಅದರಲ್ಲಿ ಬರೆದಿತ್ತು: 'ನಿಮ್ಮ ಸರದಿ ಬಂದಿದೆ. ನಿಮ್ಮದನ್ನು ತೆಗೆದುಕೊಂಡು ಸಿದ್ಧರಾಗಿರಿ.'

ಮುದುಕರೊಬ್ಬರು ಹೆಂಡತಿಯನ್ನು ಎಬ್ಬಿಸಿ ನಲವತ್ತು ವರ್ಷದ ತಪ್ಪುಗಳನ್ನೆಲ್ಲ ಒಪ್ಪಿಕೊಂಡರಂತೆ. ಬೆಳಗಾದ ಮೇಲೆ ತಾವು ಸಾಯಲಿಲ್ಲವೆಂದು ತಿಳಿದು, ಈಗ ಮನೆಗೆ ಹೋಗಲಾರದೆ ತಮ್ಮನ ಮನೆಯಲ್ಲಿದ್ದಾರಂತೆ. ಒಂದು ಊರಿನ ಉಪದೇಶಿಯು ಓಡಿಹೋಗಿ ಇಗರ್ಜಿಯ ಗಂಟೆ ಬಾರಿಸಿದರಂತೆ. ಗಂಟೆ ಕೇಳಿ, ಇನ್ನೂ ಸಂದೇಶ ನೋಡದವರೂ ಅಂಗಳಕ್ಕೆ ಬಂದು ಮಂಡಿಯೂರಿದರಂತೆ. ಇದನ್ನೆಲ್ಲ ಹೇಳುವಾಗ ಮೇಷ್ಟ್ರ ಮೀಸೆಯ ಕೆಳಗೆ ಒಮ್ಮೆ ಏನೋ ಅಲುಗಿತು. ಅವರು ಅದನ್ನು ಅಲ್ಲೇ ತಡೆದರು. ಕಿಬೋಶೋ ಕಡೆಯ ಅಜ್ಜಿಯೊಬ್ಬರು ಗಾಬರಿಯಲ್ಲಿ ಹೊರಗೆ ಬರಲು ಹೋಗಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದರು. ಮೂಳೆ ಮುರಿದಿಲ್ಲ, ದೇವರ ದಯೆ. ಸಂಘದ ಅಧ್ಯಕ್ಷರಿಗೆ ಬಹಳ ಬೇಸರವಾಗಿದೆ. ಮೇಷ್ಟ್ರು ತಾವೇ ಮೇಲೆ ಹೋಗಿ ಕ್ಷಮೆ ಕೇಳಿ ಬರುತ್ತಾರೆ.

"ನೀನೇನೂ ಮನಸ್ಸಿಗೆ ಹಚ್ಕೋಬೇಡಮ್ಮ," ಎಂದರು. "ಎಲ್ಲರಿಂದಲೂ ಆಗುತ್ತೆ."

ಆ ದಿನದಿಂದ ಎಲ್ಲರೂ ಅವಳ ಜೊತೆ ಒಳ್ಳೆಯವರಾಗಿಬಿಟ್ಟರು. ಲೆಕ್ಕ ನೋಡುವ ಸೌದಾ ಕರಾವಳಿಯವಳು, ಜೋರು ಬಾಯಿ. ಅವಳೀಗ ಚಹಾ ಲೋಟವನ್ನು ಸದ್ದಾಗದಂತೆ ತಂದಿಟ್ಟು ಹೋಗುತ್ತಿದ್ದಳು. ಎದುರು ಮೇಜಿನವರು ಅವಳು ಬಂದರೆ ಮಾತು ನಿಲ್ಲಿಸಿ ಮುಗುಳ್ನಗುತ್ತಿದ್ದರು. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮೆತ್ತಗಿನ ದಯೆಯನ್ನು ತಡೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಮನೆಯೊಳಗೆ ಕಾಯಿಲೆಯವರಿದ್ದಾಗ ಜನ ಹೀಗೆ ನಡೆಯುತ್ತಾರೆ. ಇಲ್ಲವೇ ಮನೆಬಿಟ್ಟು ಹೋಗಲಿರುವ ಅತಿಥಿಯ ಜೊತೆ.

ಶುಕ್ರವಾರ ಬಂತು. ಪ್ರತಿ ಶುಕ್ರವಾರ ನಾಲ್ಕು ಗಂಟೆಯ ಚಹಾಕ್ಕೆ, ಅಂದರೆ ಬಿಸಿಲು ಏರಿ ಹೊಟ್ಟೆ ಚುರುಗುಟ್ಟುವ ಹೊತ್ತಿಗೆ, ಅನ್ಸೆಲ್ಮ್ 'ವಾರದ ಹುಳು' ಓದುತ್ತಾನೆ. ಪ್ರೋಗ್ರಾಮಿನಲ್ಲಿ ತಪ್ಪು ಸಿಕ್ಕಿದರೆ ಅದನ್ನು ಹುಳು ಎನ್ನುವುದು ಆ ಕಸುಬಿನವರ ವಾಡಿಕೆ. ಆ ವಾರ ಯಾರು ಯಾವ ಹುಳು ಬಿಟ್ಟರು, ದೂರದ ದೇಶಗಳ ದೊಡ್ಡ ಕಂಪನಿಗಳು ಏನೇನು ಎಡವಟ್ಟು ಮಾಡಿಕೊಂಡವು, ಎಲ್ಲವನ್ನೂ ರೇಡಿಯೋ ವಾರ್ತೆಯ ಗತ್ತಿನಲ್ಲಿ ಓದುತ್ತಾನೆ. ಮೇಷ್ಟ್ರೂ ಅದಕ್ಕೆ ಹೊರತಲ್ಲ. ಪ್ರತಿ ವಾರ ಮುಕ್ಕಾಲು ಪಾಲು ಹುಳು ನಕುಂದ್ವಾಳ ಹೆಸರಿಗೆ ಬೀಳುತ್ತಿತ್ತು, ಅವಳು ಬಿಡದಿದ್ದರೂ.

ಆ ಶುಕ್ರವಾರ ಅವನು ಓದಿದ. ದೂರದ ಊರೊಂದರಲ್ಲಿ ಕರೆಂಟು ಹೋದರೆ ತಿಳಿಸಲು ಪ್ರೋಗ್ರಾಮು ಮಾಡಿದ್ದಾರಂತೆ, ಅದು ಕರೆಂಟು ಇದ್ದಾಗ ಮಾತ್ರ ನಡೆಯುತ್ತದಂತೆ. ಯಾವುದೋ ಕಂಪ್ಯೂಟರ್ ಭಾಷೆಯ ಹೊಸ ಆವೃತ್ತಿ ಬಂದಿದೆಯಂತೆ, ಹಳೆಯದನ್ನು ಕಲಿತು ಮುಗಿಸಿದವರು ಮತ್ತೆ ಒಂದನೇ ಕ್ಲಾಸಿಗೆ ಹೆಸರು ಬರೆಸಬೇಕಂತೆ. ಎಲ್ಲರೂ ನಕ್ಕರು, ಆದರೆ ಉಪ್ಪು ಮರೆತ ಸಾರಿನಂತೆ. ಬೆಟ್ಟವನ್ನೆಲ್ಲ ಎಬ್ಬಿಸಿದ ಹುಳುವಿನ ಮಾತು ಬರಲೇ ಇಲ್ಲ. ಮಕಾಂಡೆಯ ಹೆಸರೂ ಬರಲಿಲ್ಲ. ಅನ್ಸೆಲ್ಮ್ ಹಾಳೆ ಮಡಚಿ, ಅವಳ ಕಡೆ ನೋಡದೆ, ಚಹಾದ ಜೊತೆಗಿನ ಕರಿದ ಮಂದಾಝಿ ತಿನ್ನತೊಡಗಿದ.

ಲೋಟ ತೊಳೆಯುವ ಕಡೆ ಸೌದಾ ಮೆಲ್ಲಗೆ ಹೇಳಿದಳು. ಬಿದ್ದು ಕಾಲು ಉಳುಕಿಸಿಕೊಂಡ ಅಜ್ಜಿ ಬೇರೆ ಯಾರೂ ಅಲ್ಲ, ಅನ್ಸೆಲ್ಮ್‌ನನ್ನು ಸಾಕಿ ಬೆಳೆಸಿದ ಅಪೊಲೋನಿಯಾ ಅಜ್ಜಿ.

ನಕುಂದ್ವಾಳಿಗೆ ಆಗ ಎಲ್ಲ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ಅವಳು ಅಂದುಕೊಂಡಳು. ಉತಾನಿಗೂ ಒಂದು ಎಲ್ಲೆಯಿರಬೇಕು, ತಾನು ಅದನ್ನು ದಾಟಿಬಿಟ್ಟೆ. ನಂಬಿ ಒಪ್ಪಿದವನ ಮನೆಯ ಹಿರಿಯ ಜೀವವನ್ನೇ ಕೆಡವಿದೆ. ಇನ್ನೊಂದು ಶುಕ್ರವಾರ ನೋಡುವುದು, ಆಗಲೂ ಅವನು ಬಾಯಿ ಬಿಡದಿದ್ದರೆ ಕೆಲಸ ಬಿಟ್ಟು ಸಾಮೇಗೆ ಹೋಗಿ ಅಣ್ಣನ ಬೀಜದ ಅಂಗಡಿಯಲ್ಲಿ ಕೂರುವುದು ಎಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿದಳು. ಗೇಲಿ ಮಾಡುವವರಿಲ್ಲದ ಊರಿನಲ್ಲಿ ಮನುಷ್ಯ ಬಾಡಿಗೆಗೆ ಇರಬಹುದು, ಬಾಳಲಾಗದು.

ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು, ಮುಚ್ಚಳದ ಪಾತ್ರೆಯಲ್ಲಿ ಮಕಾಂಡೆ ಬೇಯಿಸಿ ತುಂಬಿಕೊಂಡು, ಕಂದು ಬೂಟಿಗೆ ಪಾಲಿಶ್ ಹಾಕಿ, ಯಾರಿಗೂ ಹೇಳದೆ ಕಿಬೋಶೋ ಕಡೆಯ ವ್ಯಾನು ಹತ್ತಿದಳು. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ಬಾಳೆಯ ತೋಟದ ನಡುವಿನ ಮನೆಯ ಮುಂದೆ ಅಜ್ಜಿ ಮಣೆಯ ಮೇಲೆ ಕೂತು, ಪಟ್ಟಿ ಸುತ್ತಿದ ಎಡಗಾಲನ್ನು ಬಿಸಿಲಿಗೆ ಚಾಚಿ, ಕಾಫಿ ಹಣ್ಣು ಆರಿಸುತ್ತಿದ್ದರು. ಚಿಕ್ಕ ಮೈ, ದೊಡ್ಡ ಕಣ್ಣು.

ಆ ನಾಡಿನಲ್ಲಿ ಹಿರಿಯರನ್ನು ಕಂಡರೆ ಪಾದವನ್ನು ಕೈಯಲ್ಲಲ್ಲ, ಬಾಯಿಮಾತಿನಲ್ಲೇ ಮುಟ್ಟಬೇಕು. ನಕುಂದ್ವಾ ಬಾಗಿ, "ಪಾದ ಮುಟ್ಟಿದೆ, ಅಜ್ಜಿ" ಅಂದಳು.

"ಯಾರ ಮಗಳವ್ವ ನೀನು?"

ಅವಳು ತನ್ನ ಹೆಸರು, ಮನೆತನ, ಊರು ಹೇಳಿದಳು. ಆ ಸಂದೇಶ ಬರೆದವಳು ತಾನೇ ಎಂದೂ ಹೇಳಿದಳು. ಜೋಡಿಸಿಟ್ಟ ಮಾತುಗಳು ಅಷ್ಟರಲ್ಲೇ ಮುಗಿದುಹೋದವು.

ಅಜ್ಜಿ ಹಣ್ಣು ಆರಿಸುವ ಕೈ ನಿಲ್ಲಿಸಿದರು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಾದ ಮುಟ್ಟೋದಾದ್ರೆ ಬಲಗಡೇದು ಮುಟ್ಟು. ಎಡಗಡೇದನ್ನ ಆಗಲೇ ಮುಟ್ಟಿದ್ದೀಯಲ್ಲ."

ನಕುಂದ್ವಾಳ ಕಣ್ಣಲ್ಲಿ ನೀರು ತುಂಬಿತು.

"ಅಳ್ತಾಳೆ ನೋಡು. ಪಾರೆಯವಳಾಗಿ ಅಳ್ತಾಳೆ. ನಾನು ನಿಮ್ಮಜ್ಜನ್ನ ಬಲ್ಲೆ ಕಣೇ, ಎಲ್ಲ ಪಾರೆ ಅಜ್ಜಂದಿರೂ ಒಂದೇ. ಸಾವಿನ ಸುದ್ದಿ ಹೇಳೋಕೆ ಕಾಲು ಸವೆಸ್ಕೊಂಡು ಬರೋರು, ಬಂದವರು ಊಟ ಮುಗಿಸ್ಕೊಂಡು ಹೋಗೋರು. ನಿನ್ನ ಕಾಲಕ್ಕೆ ಅದೂ ದುಬಾರಿಯಾಯ್ತಾ? ಫೋನಿನಲ್ಲೇ ಕಳಿಸಿದೆಯಾ ಸಾವನ್ನ?"

ನಕುಂದ್ವಾ ಅಳುತ್ತಲೇ ನಕ್ಕಳು. ನಾಲ್ಕು ದಿನ ಮುಚ್ಚಿದ್ದ ಕಿಟಕಿಯೊಂದು ತೆರೆದಂತಾಯಿತು. "ಊಟ ತಂದಿದ್ದೀನಿ ಅಜ್ಜಿ," ಅಂದಳು.

ಅಜ್ಜಿ ಮುಚ್ಚಳ ತೆಗೆದು ನೋಡಿ, "ಅಯ್ಯೋ ಮಕಾಂಡೆ" ಎಂದು ಮುಖ ಸಿಂಡರಿಸಿದರು. ಸಿಂಡರಿಸಿಕೊಂಡೇ ಪಾತ್ರೆಯ ತಳ ಕಾಣುವವರೆಗೆ ತಿಂದರು. ತಿನ್ನುತ್ತ ಆ ರಾತ್ರಿಯ ಕತೆ ಹೇಳಿದರು. ಮೊಮ್ಮಗ ಕೊಡಿಸಿದ ಫೋನು ತಲೆದಿಂಬಿನ ಕೆಳಗಿತ್ತು. ಸರದಿ ಬಂದಿದೆ ಎಂದು ಓದಿಕೊಂಡರು. ಹೆದರಿಕೆಯೇನೂ ಆಗಲಿಲ್ಲ, ಎಷ್ಟೋ ವರ್ಷದಿಂದ ಕಾಯುತ್ತಿದ್ದ ಕರೆ. ನಿಮ್ಮದನ್ನು ತೆಗೆದುಕೊಂಡು ಎಂದಿತ್ತಲ್ಲ, ತಮ್ಮದು ಎನ್ನುವುದು ಏನಿದೆ ಎಂದು ಯೋಚಿಸಿದರು. ಜಪಮಾಲೆ ಕೈಗೆ ತೆಗೆದುಕೊಂಡರು. ಈಸ್ಟರ್ ಹಬ್ಬದ ಹೊಸ ಕಾಂಗಾ ಉಟ್ಟುಕೊಂಡರು. ದೇವರ ಮುಂದೆ ಬರಿಗಾಲಲ್ಲಿ ಹೋಗುವುದು ಹೇಗೆಂದು ಕತ್ತಲಲ್ಲಿ ಚಪ್ಪಲಿ ತಡಕಿದರು. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಒಂದನ್ನೇ ಮೆಟ್ಟಿಕೊಂಡು ಬಾಗಿಲು ದಾಟಿದರು, ಬಾಳೆಸಿಪ್ಪೆಯ ಮೇಲೆ ಕಾಲಿಟ್ಟರು.

"ಸ್ವರ್ಗಕ್ಕೆ ಅಂತ ಸಿಂಗಾರ ಮಾಡ್ಕೊಂಡು ಹಂದಿಗೂಡಿನ ಪಕ್ಕ ಹೋಗಿ ಇಳಿದೆ," ಎಂದರು ಅಜ್ಜಿ. "ಆ ಹಂದಿ ನನ್ನ ಮುಖ ನೋಡ್ತು, ನಾನು ಅದರ ಮುಖ ನೋಡಿದೆ. ಇಬ್ರಿಗೂ ಸರದಿ ಬಂದಿರಲಿಲ್ಲ."

ನಗು ನಿಂತ ಮೇಲೆ ಅಜ್ಜಿ ಕೇಳಿದರು, "ಅನ್ಸೆಲ್ಮು ಏನಂದ? ನಿನ್ನ ಗ್ರಹಚಾರ ಬಿಡಿಸಿರ್ಬೇಕಲ್ಲ?"

ಅವನು ಏನೂ ಅನ್ನಲಿಲ್ಲವೆಂದು, ಬನ್ನಿ ಹೋಗಿ ಎಂದು ಮರ್ಯಾದೆ ಕೊಡುತ್ತಿದ್ದಾನೆಂದು ನಕುಂದ್ವಾ ಹೇಳಿದಳು. ಮುಂದಿನ ಶುಕ್ರವಾರವೂ ಹೀಗೇ ಆದರೆ ಊರಿಗೆ ಹೊರಡುವುದನ್ನೂ ಹೇಳಿದಳು. ಅಜ್ಜಿಯ ಮುಖ ಮೊದಲ ಬಾರಿಗೆ ಗಂಭೀರವಾಯಿತು. ಕಾಲು ಉಳುಕಿದ್ದಕ್ಕಿಂತ ಇದೇ ಹೆಚ್ಚು ನೋವಾದ ಹಾಗೆ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, "ಎಡಗಾಲಿನ ಬೂಟು ಬಿಚ್ಚು" ಎಂದರು.

"ಯಾಕಜ್ಜಿ?"

"ಗೇಲಿನಂಟರು ಮನೆಗೆ ಬಂದ್ರೆ ಬರಿಗೈಲಿ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ. ಅವರ ಹತ್ರ ಇದ್ದದ್ದನ್ನ ಕಿತ್ಕೊಂಡು ಕಳಿಸ್ತೀವಿ. ನನ್ನ ಎಡಗಾಲು ನಡೆಯಲ್ಲ, ನಿಂದು ಮಾತ್ರ ಟಾಕುಟೀಕಾಗಿ ನಡೀಬೇಕಾ? ಬಿಚ್ಚು."

ಅದು ಗೇಲಿನಂಟರ ಹಕ್ಕು. ಮದುವೆಯಲ್ಲೋ ಸಾವಿನಲ್ಲೋ ಅವರು ಏನನ್ನಾದರೂ ಕಿತ್ತುಕೊಂಡರೆ ಬಿಡಿಸಿಕೊಳ್ಳುವವರೆಗೆ ಅದು ಅವರಲ್ಲೇ ಒತ್ತೆ. ಇಲ್ಲವೆನ್ನುವಂತಿಲ್ಲ. ನಕುಂದ್ವಾ ಬೂಟು ಬಿಚ್ಚಿಕೊಟ್ಟಳು.

"ಇದು ಬೇಕಾದ್ರೆ ನನ್ನ ಮೊಮ್ಮಗನ ಬಾಯಲ್ಲಿ ಬೈಸ್ಕೋ. ಬಾಯ್ತುಂಬ, ಎಲ್ಲರ ಮುಂದೆ. ಬೈಯೋ ಅಂತ ಕೇಳ್ಕೋಬಾರ್ದು ಮತ್ತೆ, ಇಲ್ಲಿಗೆ ಬಂದಿದ್ದೆ ಅಂತಾನೂ ಬಾಯಿ ಬಿಡಬಾರ್ದು. ಅವನಿಗೆ ತಾನಾಗೇ ಬರ್ಬೇಕು. ನಾನು ಸಾಕಿದ್ದು ಗೇಲಿನಂಟನ್ನ, ಆಸ್ಪತ್ರೆ ನರ್ಸನ್ನಲ್ಲ." ಹೀಗೆಂದು ತಮ್ಮ ಎಡಗಾಲಿನ ಟೈರಿನ ಚಪ್ಪಲಿಯನ್ನು, ಆ ರಾತ್ರಿ ಸಿಗದೆ ಹೋಗಿದ್ದನ್ನು, "ಅಲ್ಲೀವರೆಗೆ ಆ ಕಾಲಿಗೆ ಇದೇ" ಎಂದು ಅವಳತ್ತ ತಳ್ಳಿದರು. ಅದರ ಹರಿದ ಪಟ್ಟಿಯನ್ನು ಯಾರೋ ನೀಲಿ ಬಣ್ಣದ ತಂತಿಯಿಂದ ಬಿಗಿಯಾಗಿ ಕಟ್ಟಿದ್ದರು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ತಂತಿ ಅದು.

ಸೋಮವಾರ ನಕುಂದ್ವಾ ಬಲಗಾಲಿಗೆ ಕಂದು ಬೂಟು, ಎಡಗಾಲಿಗೆ ಟೈರಿನ ಚಪ್ಪಲಿ ಹಾಕಿಕೊಂಡು ಕಚೇರಿಗೆ ಬಂದಳು. ಮನೆಯಲ್ಲಿ ಬೇರೆ ಜೋಡಿಯೂ ಇತ್ತು. ಆದರೆ ಒತ್ತೆಯ ಮಾತು ಒತ್ತೆಯ ಮಾತೇ.

ಟಕ್ಕು, ಪಟ್ಟು. ಟಕ್ಕು, ಪಟ್ಟು. ಮೆಟ್ಟಿಲಿನ ಮೇಲೆ ಎರಡು ಬೇರೆ ಬೇರೆ ಜನ ಹತ್ತಿ ಬಂದಂತೆ ಸದ್ದು. ಅವಳು ನಡೆದುಹೋದ ಕಡೆಯೆಲ್ಲ ತಲೆಗಳು ಬಗ್ಗಿ ನೋಡಿ, ತಟ್ಟನೆ ಮೇಲೆದ್ದು ಗೋಡೆ ನೋಡಿದವು. ಯಾರೂ ಕೇಳಲಿಲ್ಲ. ಮೇಷ್ಟ್ರು ಅವಳ ಕಾಲನ್ನೇ ನೋಡುತ್ತ, "ಎಲ್ಲ ಆರಾಮ ತಾನೇ?" ಎಂದರು. ಸೌದಾ ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದಳು. ದುಃಖದಲ್ಲಿ ಹುಡುಗಿಗೆ ಜೋಡು ನೋಡಿ ಹಾಕಿಕೊಳ್ಳುವ ಜ್ಞಾನವೂ ಹೋಗಿದೆ ಪಾಪ ಎಂದು ಎಲ್ಲರೂ ಅಂದುಕೊಂಡರೆಂದು ಕಾಣುತ್ತದೆ, ಅವತ್ತು ಅವಳಿಗೆ ಎರಡು ಮಂದಾಝಿ ಹೆಚ್ಚಿಗೆ ಬಂದವು.

ಅನ್ಸೆಲ್ಮ್ ಬಂದವನು ಈಚಿನ ಅಭ್ಯಾಸದಂತೆ, "ನಮಸ್ಕಾರ ನಕುಂದ್ವಾ ಅವರೇ" ಎಂದ. ಎಂದವನ ಕಣ್ಣು ಕೆಳಗೆ ಹೋಯಿತು. ನೀಲಿ ತಂತಿಯ ಮೇಲೆ ನಿಂತಿತು. ಆ ಗಂಟು ಹಾಕಿದವನೇ ಅವನು. ಫೋನು ಹಿಡಿದು ಹೊರಗಿನ ಮೊಗಸಾಲೆಗೆ ಹೋಗಿ ಬಹಳ ಹೊತ್ತು ನಿಂತ. ತಿರುಗಿ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ನಕ್ಕಿದ್ದೋ, ಬೇರೆಯೋ, ಅವಳಿಗೆ ತಿಳಿಯಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ಆ ವಾರ ಅವಳು ಒಂದು ಕೆಲಸ ಮಾಡಿದಳು. ಇನ್ನು ಮುಂದೆ ಆ ಪ್ರೋಗ್ರಾಮಿನಲ್ಲಿ ಯಾರು ಹೊತ್ತು ಬರೆದರೂ ಅದು ಸೂರ್ಯನ ಲೆಕ್ಕ, ಯಂತ್ರದ ಲೆಕ್ಕ ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿ, ಇದು ಹಗಲೋ ಇರುಳೋ ಎಂದು ಕೇಳುವಂತೆ ಮಾಡಿದಳು. ನೋಡಿ ಒಪ್ಪಲು ಅನ್ಸೆಲ್ಮ್‌ಗೇ ಕಳಿಸಿದಳು. ಅವನು ಸಾಲು ಸಾಲಾಗಿ, ಎರಡು ದಿನ ನೋಡಿದ. ಒಂದು ಕಡೆ ತಿದ್ದಿಸಿದ. ಮಾತು ಮಾತ್ರ ಇಲ್ಲ. ಗುರುವಾರ ಸಂಜೆ ನಕುಂದ್ವಾ ತನ್ನ ಮೇಜಿನ ಖಾನೆಯಲ್ಲಿದ್ದ ಚಹಾ ಲೋಟ, ಬಾಚಣಿಗೆ, ಪ್ರಾರ್ಥನೆಯ ಪುಸ್ತಕ ಚೀಲಕ್ಕೆ ಹಾಕಿಕೊಂಡಳು. ಖಾನೆ ಬರಿದಾದುದು ಕಂಡು ಒಂದು ಕ್ಷಣ ಕೈಯಿಟ್ಟುಕೊಂಡು ಕೂತಳು. ಬಂದದ್ದು ಬರಲಿ ಎಂದು ದೇವರಿಗೆ ಒಪ್ಪಿಸಿ ಮನೆಗೆ ಹೋದಳು.

ಶುಕ್ರವಾರ ನಾಲ್ಕು ಗಂಟೆ. ಚಹಾ ಬಂತು. ಅನ್ಸೆಲ್ಮ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ವಾರದ ಹುಳು," ಎಂದು ಶುರುಮಾಡಿದ. "ಹುಳು ಅನ್ನೋಕಾಗಲ್ಲ, ಹೆಬ್ಬಾವು. ವಾರ್ತೆ ತಡವಾಗಿದ್ದಕ್ಕೆ ಕ್ಷಮೆಯಿರಲಿ, ವರದಿಗಾರನಿಗೆ ಹುಷಾರಿರಲಿಲ್ಲ."

ಸೌದಾಳ ಲೋಟ ತುಟಿಯ ಹತ್ತಿರ ನಿಂತಿತು.

"ಸಾಮೇ ಊರಿನಿಂದ ಬಂದ ಸುದ್ದಿ. ಭೂಮಿ ಮೇಲಿನ ಕೋರ್ಟುಗಳೆಲ್ಲ ಮುಗಿದು ಹೋಗಿರೋದ್ರಿಂದ ಪಾರೆ ಜನ ಈಗ ನೇರವಾಗಿ ಮೇಲಿನ ಕೋರ್ಟಿನ ಏಜೆನ್ಸಿ ತಗೊಂಡಿದ್ದಾರೆ. ಸಮನ್ಸು ಫೋನಿನಲ್ಲೇ ಜಾರಿಯಾಗ್ತದೆ. ಮೊದಲನೇ ದಿನವೇ ಒಂದಿಡೀ ಬೆಟ್ಟಕ್ಕೆ ಜಾರಿ ಮಾಡಿದ ಮಕಾಂಡೆ ಅನ್ನೋ ಹೆಣ್ಣುಮಗಳಿಗೆ ಬಡ್ತಿ ಸಿಗುವ ನಿರೀಕ್ಷೆ ಇದೆ."

ಯಾರೋ ಮೂಗಿನಲ್ಲಿ ಸದ್ದು ಮಾಡಿದರು. ನಕುಂದ್ವಾ ತಲೆ ತಗ್ಗಿಸಿದಳು. ಮಕಾಂಡೆ ಎಂಬ ಆ ಒಂದು ಮಾತು ಅವಳ ಕಿವಿಯಲ್ಲಿ ಪ್ರಸಾದದಂತೆ ಬಿತ್ತು.

ಸಮನ್ಸು ಸಿಕ್ಕ ಕಿಬೋಶೋ ಜನ ಒಟ್ಟಾಗಿ ಸ್ವರ್ಗದ ಬಾಗಿಲಿಗೆ ಹೋದರಂತೆ. ಬೀಗದ ಕೈ ಹಿಡಿದ ಪೇತ್ರನು ಕಣ್ಣುಜ್ಜಿಕೊಂಡು ಬಂದು, ಬೆಳಿಗ್ಗೆ ಎರಡಕ್ಕೆ ಅಂದರೆ ಬಿಸಿಲು ಬಂದ ಮೇಲೆ ಕಣ್ರಪ್ಪ, ನಾನೂ ಇದೇ ಕಡೆಯ ಗಡಿಯಾರ ನೋಡೋನು, ಈಗ ಹೋಗಿ ಮಲಕ್ಕೊಳ್ಳಿ ಅಂದನಂತೆ. ಅನ್ಸೆಲ್ಮ್ ಇದನ್ನು ಪೇತ್ರನ ಆಕಳಿಕೆಯ ಸಮೇತ ಓದಿದ. ಮೇಷ್ಟ್ರು ಮೀಸೆಯನ್ನು ಇನ್ನು ತಡೆಯಲಾರದೆ ಮೇಜು ಗುದ್ದಿ ನಕ್ಕರು. ಸೌದಾಳ ಚಹಾ ಮೂಗಿಗೆ ಹತ್ತಿತು. ಹತ್ತು ದಿನದಿಂದ ಎಲ್ಲರ ಹೊಟ್ಟೆಯಲ್ಲೂ ಕೂಡಿಟ್ಟಿದ್ದ ನಗು ಒಮ್ಮೆಗೇ ಕಟ್ಟೆ ಒಡೆಯಿತು. ಕೆಳಗಿನ ಅಂಗಡಿಯವರು ತಗಡು ಬಡಿಯುವುದನ್ನು ನಿಲ್ಲಿಸಿದರು.

ನಗು ಇಳಿಯುವವರೆಗೆ ಕಾದು ಅವನು ಕೊನೆಯ ಸಾಲು ಓದಿದ. ಈ ಸಲ ವಾರ್ತೆಯ ಗತ್ತು ಇರಲಿಲ್ಲ.

"ಸಮನ್ಸು ಬರೆದವಳು ಮಕಾಂಡೆಯಾದ್ರೂ ಅದಕ್ಕೆ ಸಹಿ ಹಾಕಿದ ಗುಮಾಸ್ತ ಒಬ್ಬ ಚಗ್ಗ. ಓದದೇನೇ ಹಾಕಿದ. ಓದಿದ್ರೆ ಚಿಲ್ಲರೆ ಕೊಡ್ತೀನಿ ಅಂತ ಯಾರೂ ಹೇಳಿರಲಿಲ್ಲ. ಅವಳನ್ನ ಬೈದ್ರೆ ತನ್ನ ಹೆಸರೂ ಬರ್ತದೆ ಅಂತ ಹೆದರಿಕೊಂಡು ಇಷ್ಟು ದಿನ ಮರ್ಯಾದಸ್ಥನ ಹಾಗೆ ನಡ್ಕೊಂಡ. ಅವನ ಅಜ್ಜಿ ಇದನ್ನ ಕೇಳಿ, ಪೆಟ್ಟು ಬಿದ್ದಿದ್ದು ನನ್ನ ಕಾಲಿಗಲ್ಲ, ಮೊಮ್ಮಗನ ನಾಲಿಗೆಗೆ ಅಂದಿದ್ದಾರೆ. ವಾರ್ತೆ ಮುಗೀತು."

ನಕುಂದ್ವಾ ತಲೆಯೆತ್ತಿದಳು. "ಚಿಲ್ಲರೆ," ಅಂದಳು, "ಅಜ್ಜಿ ನಾನು ತಂದ ಮಕಾಂಡೆ ಪಾತ್ರೆ ಸಮೇತ ನೆಕ್ಕಿದ್ರು. ಅದನ್ನೂ ಬರ್ಕೋ."

"ಸುಳ್ಳು. ಚಗ್ಗರ ಮಾನ ತೆಗೀಬೇಡ."

"ಬೇಕಾದ್ರೆ ಕೋರ್ಟಿಗೆ ಹೋಗೋಣ ಬಾ."

ಮತ್ತೆ ನಗು. ಆಗ ಸೌದಾಳಿಗೆ ತಡೆಯಲಾಗಲಿಲ್ಲ. "ಅದೆಲ್ಲ ಇರ್ಲಿ, ಮೊದಲು ಆ ಕಾಲಿಂದೇನೇ ಕತೆ? ಸೋಮವಾರದಿಂದ ಕೇಳದೆ ಹೊಟ್ಟೆ ಉಬ್ಬಿ ಸಾಯ್ತಿದ್ದೀನಿ" ಅಂದಳು. ನಕುಂದ್ವಾ ಎಲ್ಲವನ್ನೂ ಹೇಳಿದಳು, ಹಂದಿಯ ಮುಖವನ್ನೂ ಬಿಡದೆ. ಆ ಚಹಾ ಮುಗಿಯುವ ಹೊತ್ತಿಗೆ ಹೊರಗೆ ಮಂಜು ಹರಿದು, ಕಿಟಕಿಯ ಮೇಲಿನ ಮೂಲೆಯಲ್ಲಿ ಬೆಟ್ಟದ ಬಿಳಿ ನೆತ್ತಿ ಯಾರೂ ಗಮನಿಸದೆ ಬಂದು ನಿಂತಿತ್ತು.

ಎಲ್ಲರೂ ಅವರವರ ಮೇಜಿಗೆ ಹೋದ ಮೇಲೆ ನಕುಂದ್ವಾ ಚೀಲದಿಂದ ಲೋಟ, ಬಾಚಣಿಗೆ, ಪ್ರಾರ್ಥನೆಯ ಪುಸ್ತಕ ತೆಗೆದು ಒಂದೊಂದಾಗಿ ಖಾನೆಯಲ್ಲಿ ಇಟ್ಟಳು. ಅನ್ಸೆಲ್ಮ್ ಹತ್ತಿರ ಬಂದು, "ನಿನ್ನೆ ರಾತ್ರಿ ಅಜ್ಜಿಗೆ ವಾರ್ತೆ ಓದಿ ಕೇಳಿಸಿ ಬಿಡಿಸ್ಕೊಂಡು ಬಂದೆ" ಎಂದು, ಒಣ ಬಾಳೆಎಲೆಯಲ್ಲಿ ಸುತ್ತಿ ನಾರಿನಲ್ಲಿ ಕಟ್ಟಿದ ಒಂದು ಗಂಟನ್ನು ಅವಳ ಕಾಲ ಬಳಿ ಇಟ್ಟ. ಬಿಚ್ಚಿದರೆ ಎಡಗಾಲಿನ ಕಂದು ಬೂಟು, ಅವಳು ಕೊಟ್ಟಾಗಿದ್ದಕ್ಕಿಂತ ಹೆಚ್ಚು ಮಿರುಗುತ್ತಿತ್ತು. ಅವಳು ಟೈರಿನ ಚಪ್ಪಲಿಯನ್ನು ಕಳಚಿ, ಕಾಂಗಾದ ಸೆರಗಿನಿಂದ ಅದರ ಧೂಳು ಒರೆಸಿ, ನೀಲಿ ತಂತಿಯ ಗಂಟು ಸಡಿಲವಾಗಿದೆಯೋ ಎಂದು ಒಮ್ಮೆ ಎಳೆದು ನೋಡಿ, ಎರಡು ಕೈಯಲ್ಲೂ ಹಿಡಿದು ಅವನಿಗೆ ಕೊಟ್ಟಳು. ಅವನು ಅದನ್ನು ಅದೇ ಬಾಳೆಎಲೆಯಲ್ಲಿ ಸುತ್ತಿಕೊಂಡು ತನ್ನ ಮೇಜಿಗೆ ಹೋದ.